ಎಡಗಡೆಯ ಗೆರೆ

“ಇದು ಯಾರ ಎಂಜಲು?”

ಪ್ರಯೋಗಾಲಯದ ಕಿಟಕಿಯ ಆಚೆ ನಿಂತಿದ್ದ ಯುವಕ ತಬ್ಬಿಬ್ಬಾದ. ಕೈಯಲ್ಲಿ ಐಸ್ ಡಬ್ಬಿ, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ, ಹಣೆಯ ಮೇಲೆ ಮೂರು ಮಹಡಿ ಮೆಟ್ಟಿಲಿಳಿದು ಓಡಿಬಂದ ಬೆವರು.

“ನಂದಂತೂ ಅಲ್ಲ,” ಅಂದ.

ಶಿಹೋ ನಗಲಿಲ್ಲ. ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. “ಹೆಸರಿಲ್ಲ, ನಂಬರಿಲ್ಲ. ಐಸ್ ಕರಗಿ ನೀರಾಗಿದೆ. ಇದನ್ನ ನಾನು ತಗೊಳ್ಳಲ್ಲ.”

ಯುವಕ ಅವಳ ಎದೆಯ ಮೇಲಿದ್ದ ಚೀಟಿಯಲ್ಲಿ ಮನೆತನದ ಹೆಸರು ಓದಿ, ಮರ್ಯಾದೆಗೆ ‘ಸಾನ್’ ಸೇರಿಸಿದ. “ಕುವಾತಾ ಸಾನ್... ಆ ಅಜ್ಜಿಗೆ ಇಷ್ಟು ಉಗುಳೋಕೆ ಮುಕ್ಕಾಲು ಗಂಟೆ ಹಿಡೀತು. ಲಕ್ವ ಹೊಡೆದ ಬಾಯಿ. ಈಗ ಹೋಗಿ ಇನ್ನೊಂದು ಸಲ ಉಗುಳಿ ಅಂದ್ರೆ ನನ್ನ ಮುಖಕ್ಕೇ ಉಗೀತಾರೆ.”

“ಉಗಿದ್ರೆ ಅದನ್ನೇ ಹಿಡ್ಕೊಂಡು ಬನ್ನಿ. ಹೆಸರು ಬರೆದು.”

ನಮ್ಮ ಒಸಾಕಾದವರು ಮಾತಿನಲ್ಲಿ ಸೋಲುವ ಜನವಲ್ಲ. ಆದರೆ ಗೆಂತಾ ಮೊರಿಗುಚಿ ಅಂದು ಸೋತ. ಲೋಟ ಎತ್ತಿಕೊಂಡು ಮೆಟ್ಟಿಲು ಹತ್ತಿಹೋದ. ಒಂದು ಗಂಟೆ ಬಿಟ್ಟು ಬಂದಾಗ ಲೋಟದ ಮೇಲೆ ಹೆಸರು, ನಂಬರು, ತಾರೀಖು, ಹೊತ್ತು ಎಲ್ಲ ಇತ್ತು. ಡಬ್ಬಿಯಲ್ಲಿ ಐಸ್ ತುಂಬಿ ತುಳುಕುತ್ತಿತ್ತು.

“ಪಾಸಾದ್ನಾ?” ಎಂದು ಕೇಳಿದ.

ಶಿಹೋ ಲೋಟ ತೆಗೆದುಕೊಂಡಳು. ಅವನು ಹೋದ ಮೇಲೆ ನಕ್ಕಳು.

ಅವಳ ಕೆಲಸವೇ ಅದು, ಎಂಜಲಿನಲ್ಲಿ ಹುಡುಕುವುದು. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ ಯಾರ ಬಾಯಲ್ಲಿಲ್ಲ? ಆದರೆ ಕೆಲವರ ಬಾಯಿಯ ಬ್ಯಾಕ್ಟೀರಿಯಾದಲ್ಲಿ ಒಂದು ಜೀನ್ ಹೆಚ್ಚಿಗೆ ಇರುತ್ತದೆ. ಆ ಜೀನ್ ಇರುವಂಥದ್ದು ಒಸಡಿನ ಗಾಯದಿಂದ ರಕ್ತಕ್ಕಿಳಿದರೆ ಮೆದುಳಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳಬಲ್ಲದು. ಮೆದುಳಿನ ನಾಳ ಒಡೆದು ಲಕ್ವ ಹೊಡೆದ ಕೆಲವರ ಬಾಯಲ್ಲಿ ಅದು ಹೆಚ್ಚು ಕಾಣುತ್ತದೆ. ಅದರಿಂದಲೇ ನಾಳ ಒಡೆಯಿತೇ ಅಂದರೆ, ಅಷ್ಟು ಖಚಿತವಾಗಿ ಹೇಳುವವರು ಇನ್ನೂ ಯಾರೂ ಇಲ್ಲ. ತಿಳಿಯಲೆಂದೇ ಈ ಎಲ್ಲ ಲೋಟಗಳು.

ಶಿಹೋ ಈ ಕೆಲಸಕ್ಕೆ ಬಂದದ್ದು ಸುಮ್ಮನೆ ಅಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಾ ಕುಸಿದುಬಿದ್ದಳು. ಮೆದುಳಿನಲ್ಲಿ ನಾಳ ಒಡೆದಿತ್ತು. ಮೂವತ್ತೆಂಟನೇ ವಯಸ್ಸಿಗೇ ತೀರಿಕೊಂಡಳು. ಶಿಹೋಗೆ ಈಗ ಇಪ್ಪತ್ತೊಂಬತ್ತು. ದಿನಾ ಬೆಳಗ್ಗೆ ಹಲ್ಲುಜ್ಜಿ ಕನ್ನಡಿಯ ಮುಂದೆ ನಗುತ್ತಾಳೆ. ತುಟಿಯ ಎರಡು ತುದಿಗಳೂ ಸಮನಾಗಿ ಮೇಲೆ ಹೋಗುತ್ತಿವೆಯೇ ಎಂದು ನೋಡಲು. ಈ ವಿಷಯ ಯಾರಿಗೂ ಹೇಳಿಲ್ಲ.

ಗೆಂತಾನದ್ದು ಮೂರನೇ ಮಹಡಿ. ಲಕ್ವ ಹೊಡೆದವರಿಗೆ ಮತ್ತೆ ನುಂಗುವುದನ್ನು, ಮಾತಾಡುವುದನ್ನು ಕಲಿಸುವವನು. ಡಬ್ಬಿ ಹೊರಲು ಆಸ್ಪತ್ರೆಯಲ್ಲಿ ಬೇರೆ ಜನರಿದ್ದರೂ ಅವನೇ ದಿನಾ ಇಳಿದು ಬರತೊಡಗಿದ.

ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ‘ಸೆನ್ಸೆ’ ಅಂದರೆ ಗುರುಗಳೇ ಎಂದು ಕರೆಯುವ ಕಾಜಿಮೊತೊ ಅವರಿಗೆ ಅರವತ್ತು ದಾಟಿದೆ. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. “ನಲವತ್ತು ವರ್ಷ ಸರ್ವೀಸಲ್ಲಿ ಇದೇ ಮೊದಲು ನೋಡ್ತಿರೋದು,” ಅಂದರು ಒಂದು ದಿನ. “ಉಗುಳು ತಂದ್ಕೊಡೋಕೆ ತಲೆ ಬಾಚ್ಕೊಂಡು ಬರೋ ಗಂಡಸು.”

ಶಿಹೋ ಕಿವಿಯವರೆಗೆ ಕೆಂಪಾದಳು.

ಅಕ್ಟೋಬರಿನಲ್ಲಿ ಶುರುವಾದ ಜಗಳ ಡಿಸೆಂಬರಿನ ಹೊತ್ತಿಗೆ ಜೊತೆಯಲ್ಲಿ ಸ್ಟೇಷನ್‌ವರೆಗೆ ನಡೆಯುವುದಾಯಿತು. ಫೆಬ್ರವರಿಯಲ್ಲಿ, ಒಸಾಕಾ ಕೋಟೆಯ ತೋಟದಲ್ಲಿ ಉಮೆ ಎಂಬ ಪ್ಲಮ್ ಮರಗಳು ಹೂ ಬಿಟ್ಟ ಒಂದು ಭಾನುವಾರ, ಗೆಂತಾ ನಡೆಯುತ್ತಿದ್ದವನು ನಿಂತ.

“ಏಪ್ರಿಲ್ ಒಂದರಿಂದ ದೂರದ ಮತ್ಸುಯಾಮಾ ಊರಿನ ಒಂದು ಆಸ್ಪತ್ರೆಗೆ ಕರ್ದಿದ್ದಾರೆ. ಒಪ್ಕೊಂಡಿದ್ದೀನಿ. ಒಬ್ನೇ ಹೋಗೋಕೆ ಮಾತ್ರ ಮನಸ್ಸಿಲ್ಲ.”

“ಅಂದ್ರೆ?”

“ಅಂದ್ರೆ... ನೀವು ಬರ್ತೀರಾ ಅಂತ. ಮದ್ವೆ ಆಗಿ.” ಸಾವಿರ ಸಲ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತು ಒಂದೇ ಉಸಿರಿಗೆ ಉದುರಿತ್ತು. “ಈಗ್ಲೇ ಹೇಳ್ಬೇಕಂತಿಲ್ಲ. ಮಾರ್ಚ್ ಮುಗಿಯೋದ್ರೊಳಗೆ ಹೇಳಿ.”

ಶಿಹೋಳ ಮನಸ್ಸು ಆಗಲೇ ಹೂಂ ಅಂದಾಗಿತ್ತು. ಬಾಯಿ ಮಾತ್ರ “ಯೋಚ್ನೆ ಮಾಡ್ತೀನಿ” ಅಂದಿತು. ಹೆಣ್ಣುಮಕ್ಕಳು ಸ್ವಲ್ಪ ಕಾಯಿಸಬೇಕು ಎಂದು ಅವಳ ಸೋದರತ್ತೆ ಯಾವಾಗಲೋ ಹೇಳಿದ್ದಳು. ಆ ಅತ್ತೆಗೆ ಏನು ಹೇಳಬೇಕೋ... ಅಂದೇ ಹೂಂ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಏಕೆಂದರೆ ಅದಾಗಿ ನಾಲ್ಕು ದಿನಕ್ಕೆ ಆ ಜೀನ್ ಪತ್ತೆಹಚ್ಚುವ ಹೊಸ ಕಿಟ್ ಬಂತು.

ಹೊಸ ಕಿಟ್ ಬಂದಾಗಲೆಲ್ಲ ರೋಗಿಗಳ ಮಾದರಿ ಮುಟ್ಟುವ ಮೊದಲು ತಮ್ಮದೇ ಉಗುಳು ಹಾಕಿ ನೋಡುವುದು ಆ ಪ್ರಯೋಗಾಲಯದ ಪದ್ಧತಿ. ಆರೋಗ್ಯವಂತರದ್ದು ಎರಡು ಬೇಕಿತ್ತು. ಶಿಹೋ ತನ್ನದೊಂದು ಇಟ್ಟಳು. ಇನ್ನೊಂದಕ್ಕೆ ಕಿಟಕಿಯಲ್ಲಿ ನಿಂತಿದ್ದವನ ಕೈಗೇ ಲೋಟ ಕೊಟ್ಟಳು.

“ಉಗುಳಿ.”

“ಇಲ್ಲೇನಾ? ನೀವು ಆ ಕಡೆ ತಿರುಗಿ.”

“ದಿನಕ್ಕೆ ನಲವತ್ತು ಲೋಟ ನೋಡ್ತೀನಿ. ನಿಮ್ಮದೇನು ವಿಶೇಷ?”

“ವಿಶೇಷ ಇದ್ರೆ ನಂಗೂ ಹೇಳಿ ಮತ್ತೆ,” ಎಂದು ಸಹಿ ಹಾಕಿ, ಉಗುಳಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಣಿಕೆಯಂತೆ ಕೊಟ್ಟ.

ಈ ಪರೀಕ್ಷೆ ನಡೆಯುವ ಹಲಗೆಯಂಥ ತೆಳು ಜೆಲ್ಲಿಯ ಒಂದು ಅಂಚಿನಲ್ಲಿ ಸಾಲಾಗಿ ಗುಳಿಗಳಿರುತ್ತವೆ. ಒಂದೊಂದು ಗುಳಿಗೆ ಒಬ್ಬೊಬ್ಬರದು. ಕರೆಂಟು ಹರಿಸಿ, ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡಿದರೆ, ಆ ಜೀನ್ ಇದ್ದವರ ಸಾಲಿನಲ್ಲಿ ಒಂದು ಗೆರೆ ಹೊಳೆಯುತ್ತದೆ. ಎರಡು ತುದಿಯಲ್ಲೂ ಹೋಲಿಸಿ ನೋಡಲು ಅಳತೆಯ ಸಾಲು. ನಡುವೆ, ಜೀನ್ ಇದೆಯೆಂದು ಮೊದಲೇ ಗೊತ್ತಿರುವ ಮಾದರಿ. ಅದರ ಎಡಕ್ಕೆ ಶಿಹೋ, ಬಲಕ್ಕೆ ಗೆಂತಾ.

ನಡುವಿನ ಗೆರೆ ಹೊಳೆಯಿತು. ಅದು ಹೊಳೆಯಲೇಬೇಕು.

ಎಡಗಡೆಯೂ ಹೊಳೆಯಿತು.

ಶಿಹೋ ಬಗ್ಗಿ ಮತ್ತೆ ನೋಡಿದಳು. ಮೊದಲೇ ಹೆದರಿದವಳ ಮೇಲೆ ಹಾವು ಎಸೆದ ಹಾಗಾಯಿತು.

‘ನನ್ನ ಬಾಯಲ್ಲಿ... ನನ್ನಲ್ಲೇ ಇದೆ.’

ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಿರಲಿಲ್ಲ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಹಾಲುಹಲ್ಲು ಮೂಡುವ ವಯಸ್ಸಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಒಂದೇ ಚಮಚ, ಊದಿದ ಗಂಜಿ, ಅರ್ಧ ಕಚ್ಚಿ ಕೊಟ್ಟ ಹಣ್ಣು. ಅಮ್ಮ ಪ್ರತಿ ತುತ್ತನ್ನೂ ತನ್ನ ತುಟಿಗೆ ತಾಗಿಸಿ, ಬಿಸಿ ಆರಿದೆಯೆಂದು ನೋಡಿ, ಆಮೇಲೆ ತಿನ್ನಿಸುತ್ತಿದ್ದದ್ದು ಶಿಹೋಗೆ ಚೆನ್ನಾಗಿ ನೆನಪಿತ್ತು. ಅಮ್ಮನ ಬಗ್ಗೆ ಅವಳಲ್ಲಿ ಉಳಿದಿದ್ದ ನೆನಪುಗಳಲ್ಲೆಲ್ಲ ಬೆಚ್ಚಗಿನದು ಅದೇ. ಇವತ್ತು ಅದರ ಮೇಲೇ ಸಿಟ್ಟು ಬಂತು.

‘ಅಮ್ಮಾ, ನೀನು ಕೊಟ್ಟ ತುತ್ತಲ್ಲೇ ಇದೂ ಇತ್ತಾ?’

ಜೆಲ್ಲಿಯ ಫೋಟೋ ತೆಗೆದು ಪ್ರಯೋಗದ ಪುಸ್ತಕಕ್ಕೆ ಅಂಟಿಸಿ ಮುಚ್ಚಿಟ್ಟಳು. ಮತ್ತೊಂದು ಸಲ ಪರೀಕ್ಷೆ ಮಾಡುವ ಧೈರ್ಯ ಆಗಲಿಲ್ಲ. ಕಿಟ್ ಸರಿಯಿದೆ ಎಂದಷ್ಟೇ ಬರೆದಳು. ಗೆಂತಾ ಕೇಳಿದ್ದಕ್ಕೆ “ನಿಮ್ಮದೇನೂ ವಿಶೇಷ ಇಲ್ಲ” ಅಂದಳು. ಅವನು ಬೇಸರ ನಟಿಸಿದ.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಸ್ವಲ್ಪ ತಲೆನೋವು ಬಂದರೂ ‘ಇದೇನಾ ಅದು?’ ಅನ್ನಿಸುತ್ತಿತ್ತು. ಕನ್ನಡಿಯ ಮುಂದೆ ದಿನಕ್ಕೊಮ್ಮೆ ನಗುತ್ತಿದ್ದವಳು ಹತ್ತು ಸಲ ನಗತೊಡಗಿದಳು. ದೊಡ್ಡವರ ಬಾಯಲ್ಲಿ ಇದು ಹೊಸದಾಗಿ ಬೇರೂರುವುದು ಕಡಿಮೆ ಎಂದು ಅವಳು ಓದಿದ್ದಳು, ಬೇರೆಯವರಿಗೆ ಹೇಳಿಯೂ ಇದ್ದಳು. ಓದಿದ್ದು ತಲೆಯಲ್ಲಿತ್ತು, ಹೆದರಿಕೆ ಹೊಟ್ಟೆಯಲ್ಲಿತ್ತು. ಗೆಂತಾ ಕೈ ಹಿಡಿದರೆ ಹಿತ, ಮುಖ ಹತ್ತಿರ ತಂದರೆ ಗಾಬರಿ. ಎರಡು ಸಲ ಕೆಮ್ಮು ಬಂದವಳಂತೆ ಮುಖ ತಿರುಗಿಸಿದಳು. ಮೂರನೇ ಸಲ ಅವನೇ ಹತ್ತಿರ ಬರಲಿಲ್ಲ.

ಮಾರ್ಚ್ ಎರಡನೇ ಭಾನುವಾರ ಗೆಂತಾನ ತಾಯಿ ಊಟಕ್ಕೆ ಕರೆದರು.

ಮೇಜಿನ ನಡುವೆ ಒಲೆ, ಅದರ ಮೇಲೆ ಮಣ್ಣಿನ ಪಾತ್ರೆ. ಮೀನು, ಎಲೆಕೋಸು, ತೋಫು ಕುದಿಯುತ್ತಿತ್ತು. ಗೆಂತಾನ ಅಕ್ಕ ಕೆಲಸಕ್ಕೆ ಹೋಗಿದ್ದರಿಂದ ಅವಳ ಒಂದೂವರೆ ವರ್ಷದ ಮಗಳು ಮೊಮೊ ಅಜ್ಜಿಯ ತೊಡೆ ಏರಿದ್ದಳು.

“ತಗೋ ಶಿಹೋ ಚಾನ್, ಸಂಕೋಚ ಪಟ್ರೆ ಮೀನೆಲ್ಲ ಗೆಂತಾನ ಹೊಟ್ಟೆಗೇ ಹೋಗುತ್ತೆ,” ಅಂದರು ತಾಯಿ ಸಲಿಗೆಯಿಂದ, ತಮ್ಮ ಊಟದ ಕಡ್ಡಿಗಳನ್ನೇ ಪಾತ್ರೆಗೆ ಅದ್ದುತ್ತಾ. ಗೆಂತಾನೂ ಅದ್ದಿದ.

ಶಿಹೋ ತನ್ನ ಕಡ್ಡಿಗಳನ್ನು ನೋಡಿದಳು. ಆಗಲೇ ಬಾಯಿಗೆ ತಾಗಿದ್ದವು. ಮೆಲ್ಲಗೆ ಅವನ್ನು ತಿರುಗಿಸಿ, ಹಿಡಿಯುವ ತುದಿಯಿಂದ ಒಂದು ತುಂಡು ತೋಫು ಎತ್ತಿಕೊಂಡಳು.

ತಾಯಿಯ ಕಡ್ಡಿಗಳು ಪಾತ್ರೆಯ ಅಂಚಿನಲ್ಲೇ ನಿಂತವು.

ನಮ್ಮಲ್ಲಿ ಒಂದೇ ಪಾತ್ರೆಗೆ ಕಡ್ಡಿ ಅದ್ದುವುದೆಂದರೆ ಮನೆಯವರಾದಂತೆ. ತಿರುಗಿಸಿ ಎತ್ತುವುದು ಆಫೀಸಿನ ಊಟದಲ್ಲಿ, ಮೇಲಧಿಕಾರಿಯ ಎದುರು.

“ಹೊರಗಿನವ್ರು ಬಂದಾಗ ಬೇರೆ ಕಡ್ಡಿ ಇಡ್ತೀವಮ್ಮ,” ತಾಯಿ ನಗುತ್ತಲೇ ಅಂದರು. ಆದರೆ ನಗು ಕಣ್ಣಿಗೆ ಹತ್ತಲಿಲ್ಲ. “ನೀನು ಮನೆಯವಳೇ ಅಂತ ಇವತ್ತು ಇಟ್ಟಿರ್ಲಿಲ್ಲ.”

ಗೆಂತಾ ಮಾತು ಮರೆಸಲು ಚಮಚದಲ್ಲಿ ಗಂಜಿ ತೆಗೆದು, ಊದಿ, ತುಟಿಗೆ ತಾಗಿಸಿ ನೋಡಿ, ಮೊಮೊಗೆ ತಿನ್ನಿಸಿದ. ಆಮೇಲೆ ಚಮಚವನ್ನು ಶಿಹೋಳ ಕೈಗಿಟ್ಟ. “ನೀವೊಂದು ತುತ್ತು ಕೊಡಿ. ಊದಿ ಕೊಡಿ, ಬಿಸಿ ಇದೆ.”

ಮೊಮೊ ಬಾಯಿ ತೆರೆದಳು. ಕೆಳಗೆ ನಾಲ್ಕು, ಮೇಲೆ ನಾಲ್ಕು, ಅಕ್ಕಿಕಾಳಿನಂಥ ಹಲ್ಲುಗಳು.

ಶಿಹೋ ಆ ಹಲ್ಲುಗಳನ್ನೇ ನೋಡಿದಳು. ‘ಇದೇ ವಯಸ್ಸು... ಸರಿಯಾಗಿ ಇದೇ ವಯಸ್ಸು.’ ಚಮಚ ಕೆಳಗಿಟ್ಟುಬಿಟ್ಟಳು. “ನನ್ನಿಂದ ಆಗಲ್ಲ. ಕ್ಷಮಿಸಿ.”

ಮೊಮೊ ಅಳತೊಡಗಿದಳು.

ಸ್ಟೇಷನ್ನಿನ ದಾರಿಯಲ್ಲಿ ಗೆಂತಾ ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆದ. ಕೊನೆಗೆ ಕೇಳಿದ. “ದಿನವೆಲ್ಲ ಊರವರ ಉಗುಳಲ್ಲಿ ಕೈಯಾಡಿಸ್ತೀರಿ. ನಮ್ಮನೆ ಎಂಜಲೇ ಅಸಹ್ಯ ಆಯ್ತಾ?”

“ಹಾಗಲ್ಲ...”

“ಮತ್ತೆ ಹೇಗೆ? ನಾನು ಹತ್ರ ಬಂದ್ರೂ ಮುಖ ತಿರುಗಿಸ್ತೀರಿ. ನನ್ಗೂ ಕಣ್ಣಿದೆ ಕುವಾತಾ ಸಾನ್.”

ಹೇಳಿಬಿಡಲೇ? ಹೇಳಿದರೆ ಈತ ‘ಅಷ್ಟೇನಾ?’ ಅನ್ನುತ್ತಾನೆ. ಕಟ್ಟಿಕೊಳ್ಳುತ್ತಾನೆ. ಒಂದು ದಿನ ಅಡುಗೆಮನೆಯಲ್ಲಿ ನಾನು ಅಕ್ಕಿ ತೊಳೆಯುತ್ತಾ... ಆಮೇಲೆ ಇವನೂ ಅಪ್ಪನ ಹಾಗೆ ಇಪ್ಪತ್ತು ವರ್ಷ ಅಂಗಡಿಯ ಊಟ ತಂದು ಟಿವಿ ಮುಂದೆ ಕೂತು ತಿನ್ನುತ್ತಾನೆ. ಹುಟ್ಟುವ ಮಗುವಿಗೆ ನಾನು ಗಂಜಿ ಊದಿ ಕೊಡಲೂ ಆಗುವುದಿಲ್ಲ.

“ಮತ್ಸುಯಾಮಾಕ್ಕೆ ನೀವೊಬ್ರೇ ಹೋಗಿ, ಮೊರಿಗುಚಿ ಸಾನ್,” ಅಂದಳು.

ಗೆಂತಾ ಅವಳನ್ನೇ ನೋಡಿದ. ಆಮೇಲೆ ಸೊಂಟದವರೆಗೆ ಬಾಗಿ, ಗುರುತಿಲ್ಲದವರಿಗೆ ಮಾಡುವಂತೆ ನಮಸ್ಕರಿಸಿ ಹೊರಟುಹೋದ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನದಿಂದ ಡಬ್ಬಿಯನ್ನು ಬೇರೆ ಯಾರೋ ತಂದರು. ಹೆಸರು, ನಂಬರು ಎಲ್ಲ ಸರಿಯಾಗಿರುತ್ತಿತ್ತು. ಜಗಳಕ್ಕೆ ಒಂದು ನೆಪವೂ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ಒಂದೊಂದೇ ದಿನ ಕರಗುತ್ತಿತ್ತು.

ಇಪ್ಪತ್ತೆಂಟನೇ ತಾರೀಖು ಬೆಳಗ್ಗೆ ಕಾಜಿಮೊತೊ ಸೆನ್ಸೆ ವರ್ಷದ ಕೊನೆಯ ಸಹಿಗೆಂದು ಪುಸ್ತಕಗಳನ್ನು ತರಿಸಿಕೊಂಡರು. ಒಂದು ಪುಟದಲ್ಲಿ ಅವರ ಬೆರಳು ನಿಂತಿತು.

“ಶಿಹೋ, ಇಲ್ಲಿ ಬಾ. ಈ ಜೆಲ್ಲಿಗೆ ಮೂಲೆ ಎಲ್ಲಿ?”

“ಮೂಲೆ?”

“ಕತ್ತರಿಸೋ ಮೂಲೆ ಕಣೇ. ಮೊದಲನೇ ದಿನ ಏನು ಹೇಳ್ಕೊಟ್ಟಿದ್ದೆ?”

ಶಿಹೋ ಬಗ್ಗಿ ನೋಡಿದಳು. ಜೆಲ್ಲಿ ಪಾರದರ್ಶಕ. ಮಗುಚಿಬಿದ್ದರೆ ಎಡಗಡೆಯದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ಅದು ತಿಳಿಯಲೆಂದೇ ಮೊದಲೇ ಒಂದು ಮೂಲೆ ಕತ್ತರಿಸಿಡುತ್ತಾರೆ. ಫೋಟೋದ ಜೆಲ್ಲಿಗೆ ನಾಲ್ಕೂ ಮೂಲೆ ಹಾಗೇ ಇದ್ದವು. ಎರಡು ತುದಿಯಲ್ಲಿ ಅಳತೆ, ನಡುವೆ ಗೊತ್ತಿದ್ದ ಮಾದರಿ... ಮಗುಚಿದರೂ ಅದು ಹಾಗೇ ಕಾಣುತ್ತಿತ್ತು.

ಮದುವೆಯ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದ್ದ ಆ ಗುರುವಾರ, ಮೂಲೆ ಕತ್ತರಿಸಬೇಕೆಂಬುದೇ ಅವಳಿಗೆ ನೆನಪಿರಲಿಲ್ಲ.

“ಎಡಗಡೆ ಯಾರು?” ಸೆನ್ಸೆ ಕೇಳಿದರು.

“ನಾನು... ನಾನು ಅಂತ...” ಅಷ್ಟರಲ್ಲಿ ಕಣ್ಣು ತುಂಬಿತು. ಬಾಯಿಗೆ ಹಾಕಿಕೊಂಡಿದ್ದ ಬೀಗ ಕಳಚಿ ಎಲ್ಲವನ್ನೂ ಹೇಳಿದಳು. ಅಮ್ಮ, ಕನ್ನಡಿ, ಕಡ್ಡಿ, ಚಮಚ, ಎಲ್ಲ.

ಸೆನ್ಸೆ ಕನ್ನಡಕ ತೆಗೆದು ಒರೆಸಿದರು. “ರೋಗಿಗಳದ್ದಾದ್ರೆ ಎರಡು ಸಲ ಮಾಡ್ದೇ ಸಹಿ ಹಾಕಲ್ಲ ನೀನು. ನಿಂದನ್ನ ಒಂದೇ ಸಲಕ್ಕೆ ನಂಬಿಬಿಟ್ಯಾ?”

“ಅದು ನಿಜವೇ ಇರ್ಬೇಕು ಅನ್ನಿಸ್ತು ಸೆನ್ಸೆ.”

“ಒಂಬತ್ತನೇ ವಯಸ್ಸಿಂದ ಇದಕ್ಕೇ ಕಾಯ್ತಿದ್ದವಳಿಗೆ ಅನ್ನಿಸ್ದೇ ಇರುತ್ತಾ. ಹೋಗು, ಉಳಿದ ಮಾದರಿ ಫ್ರೀಜರಲ್ಲಿದೆ. ಮೂಲೆ ಕತ್ತರಿಸಿ ಮಾಡು.”

ಮೂರು ಗಂಟೆ ಬೇಕಾಯಿತು. ಶಿಹೋ ಮೂರು ಗಂಟೆಯೂ ಕುಳಿತುಕೊಳ್ಳಲಿಲ್ಲ. ಕೊನೆಗೆ ಮೂಲೆ ಕತ್ತರಿಸಿದ ಜೆಲ್ಲಿಯನ್ನು ಬೆಳಕಿನ ಪೆಟ್ಟಿಗೆಗೆ ಇಳಿಸಿದಳು.

ಅವಳ ಸಾಲು ಖಾಲಿ. ಏನೂ ಇಲ್ಲ, ಬರೀ ಕತ್ತಲು.

ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ‘ಅಮ್ಮಾ, ತಪ್ಪಾಯ್ತು. ನೀನು ಕೊಟ್ಟಿದ್ದು ಬರೀ ತುತ್ತು.’ ಅಳು ಬಂತು. ಒಂದು ತಿಂಗಳಿಂದ ಅಮ್ಮನ ಮೇಲೆ ಸಿಟ್ಟಾಗಿದ್ದವಳು ಅಮ್ಮನೊಂದಿಗೆ ರಾಜಿಯಾದಳು.

ಕಣ್ಣೊರೆಸಿಕೊಂಡು ಮತ್ತೆ ನೋಡಿದಾಗ ಗೆಂತಾನ ಸಾಲಿನಲ್ಲಿ ಗೆರೆ ಹೊಳೆಯುತ್ತಿತ್ತು.

ಗೆಂತಾ... ಅವನ ನಗು ನೆನಪಾಯಿತು, ಗಂಜಿ ಊದುವ ಅವನ ತುಟಿ ನೆನಪಾಯಿತು. ಈಗ ಹೆದರಿಕೆ ಬರುತ್ತದೆ ಎಂದು ಶಿಹೋ ಕಾದಳು. ಬರಲಿಲ್ಲ. ಅವನ ಆರೋಗ್ಯದ ಚಿಂತೆ ಬಂತು, ಅವನನ್ನು ದಂತವೈದ್ಯರ ಹತ್ತಿರ ಎಳೆದೊಯ್ಯಬೇಕು ಅನ್ನಿಸಿತು. ಆದರೆ ಅವನಿಂದ ದೂರ ಸರಿಯಬೇಕೆಂದು ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

‘ಅಂದು ಹೇಳಿದ್ದರೆ ಅವನಿಗೂ ಹೀಗೇ ಅನ್ನಿಸುತ್ತಿತ್ತಲ್ಲ. ಅವನ ಪರವಾಗಿ ನಾನೇ ತೀರ್ಮಾನ ಮಾಡಿಬಿಟ್ಟೆ.’

ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿದಳು.

ಮಧ್ಯಾಹ್ನದ ಬಿಡುವು. ರೋಗಿಗಳಿಲ್ಲದ ಕೋಣೆಯಲ್ಲಿ ಗೆಂತಾ ತನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. “ಲೋಟದ ಮೇಲೆ ಹೆಸರು ಬಿಟ್ಟೋಗಿತ್ತಾ?”

“ಹೆಸರೇ ತಪ್ಪಾಗಿತ್ತು. ತಪ್ಪು ನಂದು.” ಏದುಸಿರಿನಲ್ಲೇ ಎಲ್ಲ ಹೇಳಿದಳು. ಮಗುಚಿದ ಜೆಲ್ಲಿ, ಎಡಗಡೆಯ ಗೆರೆ, ಅಕ್ಕಿ ತೊಳೆಯುತ್ತಿದ್ದ ಅಮ್ಮ, ಮೊಮೊಳ ಎಂಟು ಹಲ್ಲು. “ನಿಮ್ಮನ್ನ ಕಂಡು ಅಸಹ್ಯ ಅಲ್ಲ... ನನ್ನನ್ನ ಕಂಡೇ ನನಗೆ ಭಯ. ನಿಮಗೇನಾದ್ರೂ ಆದ್ರೆ ಅಂತ.”

ಗೆಂತಾನ ಮುಖ ಮೊದಲು ಅರಳಿತು. ಆಮೇಲೆ ನಿಧಾನವಾಗಿ ಬಣ್ಣ ಕಳೆದುಕೊಂಡಿತು.

“ಹಾಗಾದ್ರೆ ಆ ಗೆರೆ... ನಂದು.”

“ಹೌದು.”

ಅವನು ಎರಡು ಹೆಜ್ಜೆ ಹಿಂದೆ ಸರಿದ. ನಡುವೆ ಮೇಜು ಬಂತು. “ಮೊಮೊಗೆ ದಿನಾ ಊದಿ ತಿನ್ಸಿದ್ದೀನಿ ನಾನು.”

“ಮೊಮೊನೂ ಪರೀಕ್ಷೆ ಮಾಡಿಸೋಣ. ಇದ್ರೂ ಇರ್ಬಹುದು. ಇದ್ದವ್ರಿಗೆಲ್ಲ ನಾಳ ಒಡೆಯಲ್ಲ. ಹುಳುಕು ತುಂಬಿಸ್ಕೋಬೇಕು, ಒಸಡು ನೋಡ್ಕೋಬೇಕು, ಬಿಪಿ ನೋಡ್ಕೋಬೇಕು. ದಿನಾ ರೋಗಿಗಳ ಮನೆಯವ್ರಿಗೆ ನಾನೇ ಇದನ್ನ ಟೈಪ್ ಮಾಡಿ ಕಳಿಸ್ತೀನಿ. ನನಗೆ ನಾನೇ ಹೇಳ್ಕೊಳ್ಳೋಕೆ ಮಾತ್ರ ಆಗ್ಲಿಲ್ಲ.”

ಶಿಹೋ ಮುಂದೆ ಬಂದಳು. ಗೆಂತಾ ಅಂಗೈ ಅಡ್ಡ ಹಿಡಿದ.

“ಬೇಡ. ಹತ್ರ ಬರ್ಬೇಡಿ. ನಿಮ್ಮಮ್ಮನಿಗೆ ಹಾಗಾಗಿದೆ... ನನ್ನಿಂದ ನಿಮಗೆ ಏನಾದ್ರೂ ಆದ್ರೆ? ಮತ್ಸುಯಾಮಾಕ್ಕೆ ನಾನೊಬ್ನೇ ಹೋಗ್ತೀನಿ.”

ಶಿಹೋ ಅವನನ್ನೇ ನೋಡಿದಳು. ಅಳುತ್ತಿದ್ದವಳಿಗೆ ಅವನ ಬಾಯಲ್ಲಿ ತನ್ನದೇ ಮಾತು ಕೇಳಿ ನಗು ಬಂತು. ರೋಗಿಗಳು ಕೂರುವ ಕುರ್ಚಿಯನ್ನು ಎಳೆದುಕೊಂಡು ಅವನ ಎದುರಿಗೇ ಕುಳಿತಳು.

“ನಾನು ಮೂವತ್ತೆರಡು ದಿನ ಹೆದರಿದ್ದೆ ಗೆಂತಾ. ನಿನಗೆ ಅಷ್ಟೆಲ್ಲ ಕೊಡೋಕಾಗಲ್ಲ. ಐದು ನಿಮಿಷ ಕೊಡ್ತೀನಿ. ಹೆದರೋದಿದ್ರೆ ಈಗ್ಲೇ ಹೆದರಿ ಮುಗಿಸು.”

ಅವನು ತಲೆ ಎತ್ತಿದ. “ಈಗ ನನ್ನನ್ನ ಏನಂತ ಕರೆದೆ?”

“ಮಾತು ಮರೆಸ್ಬೇಡ. ಇನ್ನು ನಾಲ್ಕೂವರೆ ನಿಮಿಷ ಅಷ್ಟೇ.”

ಹೊರಗೆ ಊಟದ ಗಾಡಿ ತಳ್ಳಿಕೊಂಡು ಹೋಗುವ ಸದ್ದು ಬಂತು. ಗೆಂತಾ ಬೆರಳಿನಿಂದ ತನ್ನ ತುಟಿ ಮುಟ್ಟಿ ನೋಡಿಕೊಂಡ, ಅದು ತನ್ನದೋ ಬೇರೆಯವರದೋ ಎಂಬಂತೆ.

“ನಿಂಗೆ ಭಯ ಆಗಲ್ವಾ ಶಿಹೋ?”

“ಆಗುತ್ತೆ. ಏಪ್ರಿಲ್ ಒಂದಕ್ಕೆ ನೀನೊಬ್ನೇ ರೈಲು ಹತ್ತಿಬಿಟ್ರೆ ಅಂತ ಆಗುತ್ತೆ. ಬೇರೆ ಯಾವ ಭಯಾನೂ ಅಷ್ಟು ದೊಡ್ಡದಾಗಿ ಕಾಣ್ತಿಲ್ಲ.”

ಅವನು ಮೇಜು ಸುತ್ತಿ ಬಂದ. ಅವಳ ಮುಂದೆ ಮಂಡಿಯೂರಿದ. ಈ ಸಲ ಅವಳಿಗೆ ಕೆಮ್ಮು ಬರಲಿಲ್ಲ. ಮುಖ ತಿರುಗಲಿಲ್ಲ. ತುಟಿಗೆ ತುಟಿ ತಾಗಿದಾಗ ಕಣ್ಣು ಮುಚ್ಚಿದವಳು, ಬಹಳ ಹೊತ್ತಿನ ಮೇಲೆ ತೆರೆದಳು.

“ಇನ್ನೂ ಎರಡು ನಿಮಿಷ ಬಾಕಿ ಇತ್ತು,” ಅಂದಳು ಮೆಲ್ಲಗೆ.

“ಇರ್ಲಿ. ಅದನ್ನ ಮತ್ಸುಯಾಮಾದಲ್ಲಿ ಹೆದರ್ತೀನಿ,” ಅಂದ ಗೆಂತಾ. “ನೀನು ಪಕ್ಕದಲ್ಲಿ ಇರ್ತೀಯಲ್ಲ?”

“ಇರ್ತೀನಿ.”